ಇಂಗ್ಲಿಷಿನ ‘ಅನ್’, ‘ಇನ್’, ‘ಡಿಸ್’, ‘ನಾನ್’: ಇವೆಲ್ಲವೂ ಬರೀ ‘ಅಲ್ಲ’ ಎಂದೇ ಹೇಳುತ್ತವೆಯೇ?

ಸಪ್ತಾಪುರದ ಇಂಗ್ಲಿಷ್ ಶಿಕ್ಷಕಿ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಹಳ್ಳಿಯ ಕನ್ನಡ ಶಾಲೆಗಳಲ್ಲಿ ಓದಿ ಬಂದ ಈ ಮಕ್ಕಳ ನೋಟುಪುಸ್ತಕದಲ್ಲಿ ಒಂದು ಪಟ್ಟಿ ತಪ್ಪದೆ ಇರುತ್ತದೆ. ‘ಹ್ಯಾಪಿ’ಗೆ ‘ಅನ್‌ಹ್ಯಾಪಿ’, ‘ಲೀಗಲ್’ಗೆ ‘ಇಲ್ಲೀಗಲ್’, ‘ಆನೆಸ್ಟ್’ಗೆ ‘ಡಿಸಾನೆಸ್ಟ್’ ಎಂದು ಸಾಗುವ ಆ ಪಟ್ಟಿಯ ಮೇಲೆ ‘ವಿರುದ್ಧಾರ್ಥಕ ಪದಗಳು’ ಎಂಬ ತಲೆಬರಹವಿರುತ್ತದೆ. ಪದದ ಮೊದಲಿಗೆ ಇಂಥದೊಂದು ತುಣುಕು ಕಂಡರೆ ಅರ್ಥ ತಿರುಗಿಬಿಟ್ಟಿತು ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿ ಕುಳಿತಿದೆ.

ಈ ನಂಬಿಕೆಯನ್ನು ಸಡಿಲಿಸದೆ ಇಂಗ್ಲಿಷ್ ಓದಿಸುವುದು ಅಪಾಯಕಾರಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ‘ಇನ್‌ಹ್ಯಾಬಿಟೆಡ್’ ಎಂದರೆ ಜನ ವಾಸಿಸುವ ಎಂದರ್ಥ. ನಿರ್ಜನ ಎನ್ನಲು ಅದರ ಹಿಂದೆ ಮತ್ತೊಂದು ‘ಅನ್’ ಹಚ್ಚಿ ‘ಅನಿನ್‌ಹ್ಯಾಬಿಟೆಡ್’ ಎನ್ನಬೇಕು. ‘ಇನ್‌ವ್ಯಾಲ್ಯುಯೆಬಲ್’ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ‘ಇನ್‌ಫಮಸ್’ ಎಂದರೆ ಯಾರಿಗೂ ಗೊತ್ತಿಲ್ಲದವನಲ್ಲ, ಕೆಟ್ಟ ಹೆಸರಿನಿಂದ ಎಲ್ಲರಿಗೂ ಗೊತ್ತಿರುವವನು. ‘ಇಂಜೀನಿಯಸ್’ ಎಂಬ ಪದವನ್ನು ಒಡೆದು ‘ಜೀನಿಯಸ್ ಅಲ್ಲದವನು’ ಎಂದು ಅರ್ಥ ಬರೆದ ಉತ್ತರಪತ್ರಿಕೆಗಳನ್ನು ನಾನು ಮೇಲಿಂದ ಮೇಲೆ ನೋಡುತ್ತಿರುತ್ತೇನೆ, ಆದರೆ ಆ ಪದದ ಅರ್ಥ ಚತುರ, ಕಲ್ಪಕ ಬುದ್ಧಿಯುಳ್ಳ ಎಂದು.

ಈ ವೇದಿಕೆಯಲ್ಲಿ ಬೇರೆ ಬೇರೆ ಕಸುಬಿನವರಿದ್ದೀರಿ. ನಿಮ್ಮ ನಿಮ್ಮ ಕೆಲಸದಲ್ಲಿ ಇಂಥ ಪದಗಳು ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನು ಬರೆದರೆ, ಅವನ್ನು ಮಕ್ಕಳ ಮುಂದೆ ಇಡಬಹುದು. ಬರೀ ಅಪವಾದಗಳ ಇನ್ನೊಂದು ಪಟ್ಟಿ ನನಗೆ ಬೇಡ. ಏಕೆ ಹೀಗಾಗುತ್ತದೆ ಎಂಬ ಕಾರಣ ತಿಳಿದರೆ ಹೊಸ ಪದ ಎದುರಾದಾಗ ಅವರೇ ವಿಚಾರಿಸಬಲ್ಲರು.

ಸಾರಿಗೆ ವ್ಯವಹಾರದವರು (ಹುಬ್ಬಳ್ಳಿ)

ಮೇಡಂ, ನಮ್ಮ ಕಡೆಯಿಂದ ಒಂದೇ ಪದ, ಆದರೆ ಜೀವಕ್ಕೆ ಸಂಬಂಧಿಸಿದ್ದು. ಬೈಪಾಸಿನಲ್ಲಿ ಓಡಾಡುವ ಪೆಟ್ರೋಲ್ ಟ್ಯಾಂಕರುಗಳ ಹಿಂದೆ ‘ಹೈಲಿ ಇನ್‌ಫ್ಲೇಮೆಬಲ್’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತದೆ. ಅದೇ ಸರಕಿನ ಅಪಾಯ ಫಲಕದಲ್ಲಿ ಬೆಂಕಿಯ ಚಿತ್ರದ ಕೆಳಗೆ ‘ಫ್ಲೇಮೆಬಲ್ ಲಿಕ್ವಿಡ್’ ಎಂದೂ 3 ಎಂಬ ಅಂಕಿಯೂ ಇರುತ್ತವೆ. ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ಮೂರನೆಯ ವರ್ಗವೆಂದರೆ ಬೆಂಕಿ ಹೊತ್ತುವ ದ್ರವಗಳು. ಒಂದೇ ಗಾಡಿಯ ಮೇಲೆ ಎರಡು ಪದ, ಎರಡಕ್ಕೂ ಒಂದೇ ಅರ್ಥ: ಬೇಗ ಹೊತ್ತಿಕೊಳ್ಳುವಂಥದ್ದು.

ಇಲ್ಲಿರುವ ‘ಇನ್’ ನಿಷೇಧದ್ದಲ್ಲ. ಲ್ಯಾಟಿನ್ನಿನಲ್ಲಿ ‘ಇನ್‌ಫ್ಲಮ್ಮಾರೆ’ ಎಂದರೆ ಉರಿ ಹಚ್ಚು ಎಂದರ್ಥ, ಅಲ್ಲಿನ ‘ಇನ್’ ‘ಒಳಗೆ’ ಎಂಬ ಅರ್ಥದ್ದು. ‘ಇನ್‌ಹ್ಯಾಬಿಟ್’ ಪದದಲ್ಲಿರುವುದೂ ಅದೇ ‘ಇನ್’. ಅಮೆರಿಕದಲ್ಲಿ ಬೆಂಕಿ ಸುರಕ್ಷತೆಯ ಕೆಲಸ ಮಾಡುವವರು 1920ರ ದಶಕದಲ್ಲೇ ಈ ಗೊಂದಲವನ್ನು ಗುರುತಿಸಿ, ‘ಫ್ಲೇಮೆಬಲ್’ ಎಂಬ ಚಿಕ್ಕ ಪದವನ್ನೇ ಬಳಸಿ ಎಂದು ಒತ್ತಾಯಿಸಿದರು. ಹೊತ್ತಿಕೊಳ್ಳದ ವಸ್ತುವಿಗೆ ‘ನಾನ್‌ಫ್ಲೇಮೆಬಲ್’ ಎಂದರೆ ಸಂಶಯಕ್ಕೆ ಎಡೆಯಿಲ್ಲ.

ಗೋದಾಮಿನಲ್ಲಿ ಕೆಲಸ ಮಾಡುವ ಹಮಾಲರಿಗೂ ಚಾಲಕರಿಗೂ ಇಂಗ್ಲಿಷಿನ ಇತಿಹಾಸ ಹೇಳುತ್ತ ಕೂರಲಾಗದು. ಆದ್ದರಿಂದ ‘ಬೆಂಕಿ ಬೇಗ ಹೊತ್ತುತ್ತದೆ, ಬೀಡಿ ಸೇದಬಾರದು’ ಎಂದು ಕನ್ನಡದಲ್ಲಿ ಬರೆಸಿ ತೂಗುಹಾಕುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ನಿವೃತ್ತ ಸಂಸ್ಕೃತ ಅಧ್ಯಾಪಕರು (ಗದಗ)

ಈ ಚರ್ಚೆಯನ್ನು ಎತ್ತಿದ ಸಹೋದರಿಗೆ ಧನ್ಯವಾದಗಳು. ಕಾರಣ ಬೇಕು ಎಂದು ಕೇಳಿದ್ದರಿಂದ ತುಸು ವಿಸ್ತಾರವಾಗಿಯೇ ಬರೆಯುತ್ತೇನೆ.

ಇಂಗ್ಲಿಷಿನ ನಿಷೇಧ ಪೂರ್ವಪ್ರತ್ಯಯಗಳಲ್ಲಿ ಮುಖ್ಯವಾದ ಮೂರು ಒಂದೇ ತಾಯಿಯ ಮಕ್ಕಳು. ‘ಅನ್’ ಎಂಬುದು ಇಂಗ್ಲಿಷಿನ ಸ್ವಂತ ಜರ್ಮಾನಿಕ್ ಆಸ್ತಿ. ‘ಇನ್’ ಲ್ಯಾಟಿನ್ನಿನಿಂದ, ಬಹುಮಟ್ಟಿಗೆ ಫ್ರೆಂಚಿನ ಮೂಲಕ ಬಂದದ್ದು. ‘ಅ’ ಅಥವಾ ‘ಅನ್’ ಎಂಬ ರೂಪ ಗ್ರೀಕಿನದು. ಈ ಮೂರಕ್ಕೂ ಸಂಸ್ಕೃತದ ‘ಅ, ಅನ್’ಗೂ ಮೂಲ ಒಂದೇ. ವ್ಯಂಜನದ ಹಿಂದೆ ‘ಅ’, ಸ್ವರದ ಹಿಂದೆ ‘ಅನ್’ ಎಂಬ ನಿಯಮ ಗ್ರೀಕಿಗೂ ಸಂಸ್ಕೃತಕ್ಕೂ ಸಮಾನ. ನಾವು ‘ಅಧರ್ಮ’ ಎನ್ನುತ್ತೇವೆ, ಆದರೆ ‘ಆದಿ’ಗೆ ‘ಅನಾದಿ’, ‘ಅಂತ’ಕ್ಕೆ ‘ಅನಂತ’. ಗ್ರೀಕರ ‘ಅಟಮ್’ ಎಂದರೆ ಕತ್ತರಿಸಲಾಗದ್ದು, ‘ಅನಾನಿಮಸ್’ ಎಂದರೆ ಹೆಸರಿಲ್ಲದ್ದು. ಲ್ಯಾಟಿನ್ನಿನ ‘ಇನ್’ ಮಾತ್ರ ಮುಂದಿನ ವ್ಯಂಜನಕ್ಕೆ ಒಗ್ಗಿಕೊಂಡು ‘ಇಂಪಾಸಿಬಲ್’, ‘ಇಲ್ಲೀಗಲ್’, ‘ಇರ್‍ರೆಗ್ಯುಲರ್’ ಎಂದು ರೂಪ ಬದಲಿಸುತ್ತದೆ. ‘ಇಮ್’, ‘ಇಲ್’, ‘ಇರ್’ ಬೇರೆ ಬೇರೆ ಪ್ರತ್ಯಯಗಳೆಂದು ಮಕ್ಕಳಿಗೆ ಉರು ಹೊಡೆಸುವ ಅಗತ್ಯವೇ ಇಲ್ಲ.

ಈಗ ಮುಖ್ಯ ಮಾತು. ನಿಷೇಧವೆಂದರೆ ಒಂದೇ ಬಗೆಯದ್ದಲ್ಲ ಎಂಬುದನ್ನು ನಮ್ಮ ವೈಯಾಕರಣರು ಬಹಳ ಹಿಂದೆಯೇ ಕಂಡಿದ್ದರು. ‘ತತ್ಸಾದೃಶ್ಯಮಭಾವಶ್ಚ ತದನ್ಯತ್ವಂ ತದಲ್ಪತಾ, ಅಪ್ರಾಶಸ್ತ್ಯಂ ವಿರೋಧಶ್ಚ ನಞರ್ಥಾಃ ಷಟ್ ಪ್ರಕೀರ್ತಿತಾಃ’ ಎಂಬ ಶ್ಲೋಕ ಸಂಸ್ಕೃತ ಪಾಠಶಾಲೆಗೆ ಹೋದವರಿಗೆಲ್ಲ ಪರಿಚಿತ. ‘ನಞ್’ ಎಂಬ ಈ ನಿಷೇಧಕ್ಕೆ ಆರು ಅರ್ಥಗಳುಂಟು: ಅದರಂತೆಯೇ ಇದ್ದು ಅದಲ್ಲದಿರುವುದು, ಅದು ಇಲ್ಲದಿರುವುದು, ಅದಕ್ಕಿಂತ ಬೇರೆಯಾಗಿರುವುದು, ಅದು ಅಲ್ಪವಾಗಿರುವುದು, ಪ್ರಶಸ್ತವಲ್ಲದಿರುವುದು, ಅದಕ್ಕೆ ವಿರುದ್ಧವಾಗಿರುವುದು. ‘ಅನಶ್ವ’ ಎಂದರೆ ಕುದುರೆಯಲ್ಲದ ಬೇರೆ ಪ್ರಾಣಿ, ಕುದುರೆಗೆ ವಿರೋಧಿಯಲ್ಲ. ‘ಅನುದರಾ ಕನ್ಯಾ’ ಎಂದರೆ ಹೊಟ್ಟೆಯೇ ಇಲ್ಲದ ಹುಡುಗಿಯಲ್ಲ, ತೆಳುಹೊಟ್ಟೆಯವಳು. ‘ಅಧರ್ಮ’ ಮಾತ್ರ ಧರ್ಮಕ್ಕೆ ನೇರ ವಿರುದ್ಧ. ‘ಅಕಾಲ ಮಳೆ’ ಎಂದಾಗ ಕಾಲವೇ ಇಲ್ಲದ ಮಳೆ ಎಂದು ಯಾವ ರೈತನೂ ತಿಳಿಯುವುದಿಲ್ಲ. ಬರಬಾರದ ಕಾಲದಲ್ಲಿ ಬಂದ ಮಳೆ ಎಂದೇ ತಿಳಿಯುತ್ತಾನೆ.

ಶಾಲೆಯ ಪಟ್ಟಿ ಈ ಆರರಲ್ಲಿ ಕೊನೆಯ ‘ವಿರೋಧ’ವೊಂದನ್ನೇ ಹಿಡಿದು ಉಳಿದ ಐದನ್ನು ಕೈಬಿಟ್ಟಿದೆ. ಇಂಗ್ಲಿಷಿನಲ್ಲಿ ‘ಇನ್‌ಹ್ಯೂಮನ್’ ಎಂದರೆ ಕ್ರೂರ, ಮನುಷ್ಯನಿಗೆ ತಕ್ಕುದಲ್ಲದ್ದು. ‘ನಾನ್‌ಹ್ಯೂಮನ್’ ಎಂದರೆ ಮನುಷ್ಯನಲ್ಲದ ಬೇರೆ ಜೀವಿ, ಅದರಲ್ಲಿ ನಿಂದೆಯಿಲ್ಲ. ‘ಇಮ್ಮಾರಲ್’ ಎಂಬುದು ನೀತಿಗೆ ವಿರುದ್ಧ, ‘ಏಮಾರಲ್’ ಎಂಬುದು ನೀತಿ ಅನೀತಿಗಳ ವಿಚಾರವೇ ಇಲ್ಲದ ಸ್ಥಿತಿ. ಸುಳ್ಳು ಹೇಳುವ ವಯಸ್ಕನಿಗೆ ಮೊದಲನೆಯದು ಸಲ್ಲುತ್ತದೆ, ಬಿರುಗಾಳಿಗೆ ಎರಡನೆಯದು. ‘ನಾನ್‌ಸೈಂಟಿಫಿಕ್’ ಎಂದರೆ ವಿಜ್ಞಾನದ ಕ್ಷೇತ್ರಕ್ಕೆ ಸೇರದ್ದು, ‘ಅನ್‌ಸೈಂಟಿಫಿಕ್’ ಎಂದರೆ ವಿಜ್ಞಾನವೆಂದು ಹೇಳಿಕೊಂಡು ಅದರ ಶಿಸ್ತನ್ನು ಮುರಿದದ್ದು. ಒಟ್ಟಿನಲ್ಲಿ ‘ನಾನ್’ ಅನ್ಯತ್ವವನ್ನೂ ಅಭಾವವನ್ನೂ ಹೇಳಿ ಸುಮ್ಮನಾಗುತ್ತದೆ. ‘ಅನ್’, ‘ಇನ್’ಗಳು ವಿರೋಧದ ಕಡೆಗೂ ಅಪ್ರಾಶಸ್ತ್ಯದ ಕಡೆಗೂ ವಾಲುತ್ತವೆ. ಇದು ಎಲ್ಲೆಡೆ ನಿಲ್ಲುವ ನಿಯಮವಲ್ಲ, ಆದರೆ ಹೊಸ ಪದದ ಮುಂದೆ ನಿಂತವನಿಗೆ ಒಳ್ಳೆಯ ಆಸರೆ.

‘ಇನ್‌ವ್ಯಾಲ್ಯುಯೆಬಲ್’ ನಮಗೆ ಕಷ್ಟವಾಗಲೇಬಾರದು. ಅದು ಅಕ್ಷರಶಃ ನಮ್ಮ ‘ಅಮೂಲ್ಯ’. ‘ಅಮೂಲ್ಯ’ವನ್ನು ಬೆಲೆಯಿಲ್ಲದ್ದು ಎಂದು ಯಾರೂ ಓದುವುದಿಲ್ಲ. ‘ಇನ್‌ಫಮಸ್’ ಪದದ ಮೂಲ ಲ್ಯಾಟಿನ್ನಿನ ‘ಇನ್‌ಫಾಮಿಸ್’, ಅಲ್ಲಿನ ‘ಇನ್’ ಅಪ್ರಾಶಸ್ತ್ಯದ್ದು. ನಮ್ಮ ‘ಅಪಖ್ಯಾತಿ’ ಅದಕ್ಕೆ ಸರಿಯಾಗಿ ಹೊಂದುತ್ತದೆ.

ವಕೀಲರು (ಹಾವೇರಿ)

ಗುರುಗಳು ಹೇಳಿದ ‘ಅನ್ಯತ್ವ’ ಮತ್ತು ‘ವಿರೋಧ’ಗಳ ಭೇದ ನಮ್ಮ ನ್ಯಾಯಾಲಯಗಳಲ್ಲಿ ಮನೆತನಗಳನ್ನೇ ನಡುಗಿಸುತ್ತದೆ. ‘ನಾನ್‌ಬೇಲೆಬಲ್’ ಎಂಬ ಪದವನ್ನೇ ನೋಡಿ. ಪತ್ರಿಕೆಗಳಲ್ಲಿ ಇದನ್ನು ‘ಜಾಮೀನುರಹಿತ’ ಎಂದು ಬರೆಯುತ್ತಾರೆ. ಮಗನ ಮೇಲೆ ಇಂಥ ಪ್ರಕರಣ ದಾಖಲಾಯಿತೆಂದರೆ ತಂದೆತಾಯಿ ಬಂದು, ‘ಇನ್ನು ಜಾಮೀನು ಸಿಗುವುದೇ ಇಲ್ಲವಂತೆ’ ಎಂದು ಅಳುತ್ತಾರೆ. ಆ ಪದದ ಅರ್ಥ ಹಾಗಲ್ಲ. ಜಾಮೀನೀಯ ಅಪರಾಧದಲ್ಲಿ ಜಾಮೀನು ಆರೋಪಿಯ ಹಕ್ಕು. ತಕ್ಕ ಮುಚ್ಚಳಿಕೆ, ಭದ್ರತೆ ಕೊಟ್ಟರೆ ಬಿಡಲೇಬೇಕು. ‘ನಾನ್‌ಬೇಲೆಬಲ್’ ಅಪರಾಧದಲ್ಲಿ ಅದು ಹಕ್ಕಲ್ಲ, ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಕೊಲೆ ಆರೋಪದಂಥ ಗಂಭೀರ ಪ್ರಕರಣಗಳಲ್ಲಿಯೂ ನ್ಯಾಯಾಲಯಗಳು ಸಂಗತಿಗಳನ್ನು ತೂಗಿ ಷರತ್ತಿನ ಮೇಲೆ ಜಾಮೀನು ನೀಡುವುದುಂಟು. ತನಿಖೆ 60 ಅಥವಾ 90 ದಿನಗಳ ಗಡುವಿನೊಳಗೆ ಮುಗಿದು ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ, ಇದೇ ‘ನಾನ್‌ಬೇಲೆಬಲ್’ ಪ್ರಕರಣದಲ್ಲಿ ಜಾಮೀನು ಹಕ್ಕಾಗಿಯೇ ಒದಗುತ್ತದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದ್ದ ಈ ವ್ಯವಸ್ಥೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಮುಂದುವರಿದಿದೆ.

‘ನಾನ್‌ಕಾಗ್ನಿಜಬಲ್’ ಎಂಬುದರ ಕಥೆಯೂ ಹೀಗೆಯೇ. ಠಾಣೆಯಲ್ಲಿ ‘ಎನ್‌ಸಿ ಮಾಡಿ ಕಳಿಸಿದರು’ ಎಂದರೆ ಅಪರಾಧವೇ ಅಲ್ಲ ಎಂದು ಜನ ತಿಳಿಯುತ್ತಾರೆ. ಅದು ಅಪರಾಧವೇ, ಆದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ನಡೆಸುವಂತಿಲ್ಲ ಎಂಬಷ್ಟೇ ಅದರ ಹುರುಳು. ಇಲ್ಲಿ ‘ನಾನ್’ ನಿರಾಕರಿಸುವುದು ಪೊಲೀಸರ ಒಂದು ಅಧಿಕಾರವನ್ನು ಮಾತ್ರ, ಅಪರಾಧವನ್ನಲ್ಲ.

ಇನ್ನೊಂದು ಪದ ‘ಡಿಸಿಂಟರೆಸ್ಟೆಡ್ ವಿಟ್ನೆಸ್’. ಇದನ್ನು ‘ಆಸಕ್ತಿಯಿಲ್ಲದ ಸಾಕ್ಷಿ’ ಎಂದು ಅನುವಾದಿಸಿದ ಕಾಗದಪತ್ರಗಳಿವೆ. ಹಾಗೆ ಓದಿದರೆ ಆ ಸಾಕ್ಷಿಯ ಮಾತಿಗೆ ತೂಕವೇ ಇಲ್ಲವೆಂದಾಗುತ್ತದೆ. ಪ್ರಕರಣದ ಸೋಲು ಗೆಲುವಿನಲ್ಲಿ ತನ್ನ ಲಾಭ ನಷ್ಟವಿಲ್ಲದ, ಆದ್ದರಿಂದಲೇ ಹೆಚ್ಚು ನಂಬತಕ್ಕ ಸಾಕ್ಷಿ ಎಂಬುದು ನಿಜವಾದ ಅರ್ಥ. ಆಸಕ್ತಿ ಇಲ್ಲದವನಿಗೆ ಇಂಗ್ಲಿಷಿನಲ್ಲಿ ‘ಅನಿಂಟರೆಸ್ಟೆಡ್’ ಎಂಬ ಬೇರೆ ಪದವೇ ಇದೆ.

ಪತ್ರಿಕಾ ಅನುವಾದಕರು (ಹುಬ್ಬಳ್ಳಿ)

ವಕೀಲ ಸಾಹೇಬರ ಕೊನೆಯ ಮಾತಿಗೆ ಒಂದು ಸಣ್ಣ ಭಿನ್ನಾಭಿಪ್ರಾಯ. ‘ಡಿಸಿಂಟರೆಸ್ಟೆಡ್’ ಮತ್ತು ‘ಅನಿಂಟರೆಸ್ಟೆಡ್’ಗಳ ನಡುವಿನ ಗೆರೆ ಇತಿಹಾಸದಲ್ಲಿ ಅಷ್ಟು ಸ್ಪಷ್ಟವಾಗಿರಲಿಲ್ಲ. 17ನೆಯ ಶತಮಾನದ ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಆಸಕ್ತಿಯಿಲ್ಲದ’ ಎಂಬ ಅರ್ಥವೂ ಎರಡನೆಯದಕ್ಕೆ ‘ನಿಷ್ಪಕ್ಷಪಾತಿಯಾದ’ ಎಂಬ ಅರ್ಥವೂ ಇದ್ದವು. ಈಗಲೂ ಇಂಗ್ಲಿಷರಲ್ಲೇ ಅನೇಕರು ಎರಡನ್ನೂ ಒಂದೇ ಎಂಬಂತೆ ಬಳಸುತ್ತಾರೆ. ನ್ಯಾಯಾಲಯದ ಬರಹದಲ್ಲಿ ಮತ್ತು ಪರೀಕ್ಷೆಯಲ್ಲಿ ನೀವು ಹೇಳಿದ ಭೇದವನ್ನೇ ಪಾಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಮಾನ್ಯ ಬರಹದಲ್ಲಿ ಈ ಪದ ಕಂಡಾಗ ಸುತ್ತಲಿನ ವಾಕ್ಯಗಳನ್ನು ನೋಡಿಯೇ ಅರ್ಥ ನಿರ್ಧರಿಸಬೇಕೆಂದು ವಿನಂತಿಸುತ್ತೇನೆ.

ಸುದ್ದಿಮನೆಯಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಒಂದೇ ಧಾತುವಿಗೆ ಎರಡು ಮೂರು ಪ್ರತ್ಯಯ ಹತ್ತಿದ ಜೋಡಿಗಳು. ‘ಅನಾರ್ಗನೈಸ್ಡ್’ ಮತ್ತು ‘ಡಿಸಾರ್ಗನೈಸ್ಡ್’ ಬೇರೆ ಬೇರೆ. 2008ರಲ್ಲಿ ಕೇಂದ್ರ ಸರ್ಕಾರ ಸಾಮಾಜಿಕ ಭದ್ರತೆಯ ಕಾಯ್ದೆ ತಂದದ್ದು ‘ಅನಾರ್ಗನೈಸ್ಡ್’ ಕಾರ್ಮಿಕರಿಗಾಗಿ, ಅಂದರೆ ಅಸಂಘಟಿತ ವಲಯದಲ್ಲಿ ದುಡಿಯುವ ಬೀಡಿ ಕಟ್ಟುವವರು, ಕಟ್ಟಡದ ಕೂಲಿಯವರು, ಮನೆಗೆಲಸದವರಿಗಾಗಿ. ‘ಡಿಸಾರ್ಗನೈಸ್ಡ್’ ಎಂದರೆ ಅಸ್ತವ್ಯಸ್ತ. ಆ ಪದವನ್ನು ಈ ದುಡಿಮೆಗಾರರಿಗೆ ಹಚ್ಚಿದರೆ ಅವಮಾನ. ‘ಅನ್‌ಯೂಸ್ಡ್’ ಎಂದರೆ ಇನ್ನೂ ಬಳಸದ್ದು, ‘ಡಿಸ್‌ಯೂಸ್ಡ್’ ಎಂದರೆ ಬಳಸುತ್ತಿದ್ದು ಬಿಟ್ಟದ್ದು, ‘ಮಿಸ್‌ಯೂಸ್ಡ್’ ಎಂದರೆ ತಪ್ಪಾಗಿ ಬಳಸಿದ್ದು. ‘ಅನಾರ್ಮ್ಡ್’ ಎಂದರೆ ಕೈಯಲ್ಲಿ ಆಯುಧವಿಲ್ಲದವನು, ‘ಡಿಸಾರ್ಮ್ಡ್’ ಎಂದರೆ ಇದ್ದ ಆಯುಧವನ್ನು ಕಸಿದುಕೊಳ್ಳಲಾದವನು. ಗೋಲಿಬಾರಿನ ಸುದ್ದಿಯಲ್ಲಿ ಈ ಎರಡು ಪದಗಳ ಅದಲುಬದಲು ಎಷ್ಟು ದೊಡ್ಡ ಅನ್ಯಾಯವಾದೀತು ಎಂಬುದನ್ನು ಊಹಿಸಿರಿ. ಇನ್ನು ‘ಮಿಸಿನ್‌ಫರ್ಮೇಶನ್’ ಮತ್ತು ‘ಡಿಸಿನ್‌ಫರ್ಮೇಶನ್’ಗಳು: ಮೊದಲನೆಯದು ತಪ್ಪು ಮಾಹಿತಿ, ಹಂಚಿದವನಿಗೆ ಅದು ತಪ್ಪೆಂದು ತಿಳಿಯದೆಯೂ ಇರಬಹುದು; ಎರಡನೆಯದು ಮೋಸಗೊಳಿಸಲೆಂದೇ ಹೆಣೆದ ಸುಳ್ಳು. ಎರಡಕ್ಕೂ ‘ತಪ್ಪು ಮಾಹಿತಿ’ ಎಂದು ಬರೆದರೆ ಉದ್ದೇಶಪೂರ್ವಕವಾಗಿ ಮೋಸ ಮಾಡಿದವನು ಸುಲಭವಾಗಿ ಪಾರಾಗುತ್ತಾನೆ.

ಪರೀಕ್ಷಾರ್ಥಿ (ರಾಣೆಬೆನ್ನೂರು)

ಹಿರಿಯರಿಗೆಲ್ಲ ನಮಸ್ಕಾರ. ಒಂದು ಸಂಶಯವಿದೆ. ‘ಕ್ವಾಲಿಫೈಡ್’ ಎಂದರೆ ಅರ್ಹ, ‘ಅನ್‌ಕ್ವಾಲಿಫೈಡ್’ ಎಂದರೆ ಅನರ್ಹ ಎಂದು ಓದಿದ್ದೇನೆ. ಆದರೆ ಪತ್ರಿಕೆಯಲ್ಲಿ ಒಬ್ಬ ಅಧಿಕಾರಿ ನ್ಯಾಯಾಲಯದ ಮುಂದೆ ‘ಅನ್‌ಕ್ವಾಲಿಫೈಡ್ ಅಪಾಲಜಿ’ ಸಲ್ಲಿಸಿದರು ಎಂದು ಇತ್ತು. ಅನರ್ಹವಾದ ಕ್ಷಮೆಯನ್ನು ನ್ಯಾಯಾಲಯ ಹೇಗೆ ಒಪ್ಪಿತು?

ಲೆಕ್ಕಪರಿಶೋಧಕರು (ಹುಬ್ಬಳ್ಳಿ)

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದ್ದೀ. ‘ಕ್ವಾಲಿಫೈ’ ಎಂಬ ಕ್ರಿಯಾಪದಕ್ಕೆ ಅರ್ಹತೆ ಪಡೆ ಎಂಬುದಲ್ಲದೆ, ಹೇಳಿದ ಮಾತಿಗೆ ಷರತ್ತು ಹಾಕು, ಅದರ ವ್ಯಾಪ್ತಿಯನ್ನು ಮಿತಿಗೊಳಿಸು ಎಂಬ ಅರ್ಥವೂ ಇದೆ. ‘ಅನ್‌ಕ್ವಾಲಿಫೈಡ್ ಅಪಾಲಜಿ’ ಎಂದರೆ ‘ಆದರೆ’, ‘ಒಂದು ವೇಳೆ’ ಎಂಬ ಯಾವ ಕೊಕ್ಕೆಯೂ ಇಲ್ಲದ ಕ್ಷಮೆ. ಕನ್ನಡದಲ್ಲಿ ‘ಬೇಷರತ್ ಕ್ಷಮೆ’ ಎನ್ನುತ್ತೇವಲ್ಲ, ಅದೇ.

ನಮ್ಮ ವೃತ್ತಿಯಲ್ಲಿ ಇದರಿಂದ ಇನ್ನೂ ದೊಡ್ಡ ಗಲಿಬಿಲಿ ಆಗುತ್ತದೆ. ಸಹಕಾರಿ ಸಂಘದ ವಾರ್ಷಿಕ ಸಭೆಯಲ್ಲಿ ಲೆಕ್ಕಪರಿಶೋಧನಾ ವರದಿ ಓದುವಾಗ ‘ಅನ್‌ಕ್ವಾಲಿಫೈಡ್ ಒಪೀನಿಯನ್’ ಎಂದರೆ ಸದಸ್ಯರು ಮುಖ ಮುಖ ನೋಡಿಕೊಳ್ಳುತ್ತಾರೆ. ವಾಸ್ತವದಲ್ಲಿ ಸಂಘಕ್ಕೆ ಸಿಗಬಹುದಾದ ಅತ್ಯುತ್ತಮ ಪ್ರಮಾಣಪತ್ರ ಅದು: ಲೆಕ್ಕಪತ್ರಗಳು ನೈಜ ಸ್ಥಿತಿಯನ್ನು ತೋರಿಸುತ್ತವೆ, ಪರಿಶೋಧಕನಿಗೆ ಯಾವ ಆಕ್ಷೇಪವೂ ಇಲ್ಲ. ಚಿಂತೆ ಮಾಡಬೇಕಾದದ್ದು ‘ಕ್ವಾಲಿಫೈಡ್ ಒಪೀನಿಯನ್’ ಬಂದಾಗ, ಏಕೆಂದರೆ ಅಲ್ಲಿ ಯಾವುದೋ ಒಂದು ಬಾಬಿನ ಬಗ್ಗೆ ಪರಿಶೋಧಕ ತನ್ನ ಆಕ್ಷೇಪವನ್ನು ದಾಖಲಿಸಿರುತ್ತಾನೆ. ಈಚಿನ ಮಾನದಂಡಗಳಲ್ಲಿ ‘ಅನ್‌ಮಾಡಿಫೈಡ್’ ಎಂಬ ಪದವನ್ನು ಬಳಸುತ್ತಾರೆ. ಗೊಂದಲ ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ಬ್ಯಾಂಕಿನ ‘ನಾನ್‌ಪರ್ಫಾರ್ಮಿಂಗ್ ಅಸೆಟ್’ ಕೂಡ ಹೀಗೆಯೇ. ಅವಧಿ ಸಾಲದ ಬಡ್ಡಿ ಅಥವಾ ಕಂತು 90 ದಿನಗಳನ್ನು ಮೀರಿ ಬಾಕಿ ಉಳಿದರೆ ಆ ಸಾಲಕ್ಕೆ ಈ ಹಣೆಪಟ್ಟಿ ಬೀಳುತ್ತದೆ. ಮುಳುಗಿಹೋದ ಸಾಲ ಎಂದು ಅದರರ್ಥವಲ್ಲ, ಮನ್ನಾ ಆದ ಸಾಲವಂತೂ ಅಲ್ಲವೇ ಅಲ್ಲ. ಬಾಕಿಯನ್ನೆಲ್ಲ ತುಂಬಿದರೆ ಖಾತೆ ಮತ್ತೆ ಸರಿಹೋಗುತ್ತದೆ.

ವೈದ್ಯೆ (ಹುಬ್ಬಳ್ಳಿ)

ಗದಗಿನ ಗುರುಗಳು ‘ಅಲ್ಪತ್ವ’ಕ್ಕೆ ಇಂಗ್ಲಿಷ್ ಉದಾಹರಣೆ ಕೊಡಲಿಲ್ಲ. ವೈದ್ಯಕೀಯದಲ್ಲಿ ಅದಕ್ಕೆ ಬಹಳ ಒಳ್ಳೆಯ ಉದಾಹರಣೆಯಿದೆ. ‘ಅನೀಮಿಯಾ’ ಎಂಬುದು ಗ್ರೀಕಿನ ‘ಅನ್’ ಮತ್ತು ರಕ್ತ ಎಂಬರ್ಥದ ‘ಹೈಮ’ ಸೇರಿ ಆದದ್ದು; ಅಕ್ಷರ ಹಿಡಿದು ಓದಿದರೆ ರಕ್ತವಿಲ್ಲದಿರುವಿಕೆ. ರಕ್ತವೇ ಇಲ್ಲದೆ ಯಾರೂ ಬದುಕಲಾರರು. ಹಿಮೋಗ್ಲೋಬಿನ್ ಇರಬೇಕಾದ ಮಟ್ಟಕ್ಕಿಂತ ಕಡಿಮೆಯಾಗಿದೆ ಎಂಬಷ್ಟೇ ಅದರ ತಾತ್ಪರ್ಯ. ಗರ್ಭಿಣಿಯಲ್ಲದ ವಯಸ್ಕ ಮಹಿಳೆಯಲ್ಲಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು ಅನೀಮಿಯಾ. ತೆಳುಹೊಟ್ಟೆಯ ಹುಡುಗಿಯನ್ನು ‘ಅನುದರಾ’ ಎಂದ ಹಾಗೆಯೇ ಇದು.

ರೋಗಿಗಳನ್ನು ಹೆಚ್ಚು ಹೆದರಿಸುವ ಪದವೆಂದರೆ ಸ್ಕ್ಯಾನ್ ವರದಿಯಲ್ಲಿನ ‘ಅನ್‌ರಿಮಾರ್ಕೆಬಲ್’. ‘ಲಿವರ್ ಅನ್‌ರಿಮಾರ್ಕೆಬಲ್ ಎಂದು ಬರೆದಿದ್ದಾರೆ, ಏನಾಗಿದೆ’ ಎಂದು ಕೇಳುತ್ತ ಬರುತ್ತಾರೆ. ಏನೂ ಆಗಿಲ್ಲ, ಎತ್ತಿ ಹೇಳಬೇಕಾದ ದೋಷ ಯಾವುದೂ ಕಾಣಲಿಲ್ಲ ಎಂದೇ ಆ ಪದದ ಅರ್ಥ. ದೈನಂದಿನ ಇಂಗ್ಲಿಷಿನಲ್ಲಿ ಅದು ತುಸು ಕೀಳುಗಳೆಯುವ ಮಾತು, ವರದಿಯಲ್ಲಿ ಮಾತ್ರ ಸಮಾಧಾನದ ಮಾತು. ‘ಏಫೆಬ್ರೈಲ್’ ಎಂದರೆ ಜ್ವರವಿಲ್ಲ. ಇದು ಶುದ್ಧ ಅಭಾವ. ‘ಇನ್‌ಸೆನ್ಸಿಬಲ್ ಲಾಸ್’ ಎಂದರೆ ಬುದ್ಧಿಗೆಟ್ಟ ನಷ್ಟವಲ್ಲ, ಚರ್ಮ ಮತ್ತು ಶ್ವಾಸಕೋಶಗಳ ಮೂಲಕ ನಮ್ಮ ಅರಿವಿಗೆ ಬಾರದೆ ದೇಹದಿಂದ ಹೊರಟುಹೋಗುವ ನೀರು. ನಿಷೇಧದ ಪ್ರತ್ಯಯ ‘ಸೆನ್ಸ್’ ಎಂಬ ಪದದ ಯಾವ ಅರ್ಥಕ್ಕೆ ಹತ್ತಿದೆ ಎಂಬುದನ್ನು ನೋಡದೆ ಒಡೆದರೆ ಇಂಥ ಕಡೆ ಎಡವುವುದು ಖಚಿತ.

ವರದಿ ಬರೆಯುವ ನನ್ನ ಸಹೋದ್ಯೋಗಿಗಳಿಗೂ ಒಂದು ವಿನಂತಿ: ಕೊನೆಗೆ ಒಂದು ಸಾಲು ಕನ್ನಡದಲ್ಲಿ ಬರೆದುಬಿಡಿ. ರಾತ್ರಿಯಿಡೀ ನಿದ್ದೆಗೆಟ್ಟು ಬೆಳಗ್ಗೆ ಬರುವ ಎಷ್ಟೋ ಜನರಿಗೆ ಉಪಕಾರವಾದೀತು.

ನೇಕಾರ ಮನೆತನದವರು (ಬೆಟಗೇರಿ)

ಇಲ್ಲಿಯತನಕ ಎಲ್ಲರೂ ‘ಇಲ್ಲ’, ‘ಅಲ್ಲ’ ಎಂಬ ಅರ್ಥಗಳ ಬಗ್ಗೆಯೇ ಬರೆದಿದ್ದೀರಿ. ‘ಅನ್‌ಟೈ’, ‘ಅನ್‌ಲಾಕ್’, ‘ಅನ್‌ರ್‍ಯಾವೆಲ್’ ಮೊದಲಾದ ಪದಗಳಲ್ಲಿ ನಿಷೇಧವೇ ಇಲ್ಲವಲ್ಲ. ಅಲ್ಲಿರುವುದು ಮಾಡಿದ್ದನ್ನು ತಿರುವಿ ಬಿಚ್ಚುವ ಕ್ರಿಯೆ. ಅದರಲ್ಲೂ ನೂಲಿಗೆ ಸಂಬಂಧಿಸಿದ ‘ರ್‍ಯಾವೆಲ್’ ಎಂಬ ಪದಕ್ಕೆ ನಿಘಂಟಿನಲ್ಲಿ ಗೋಜಲಾಗು, ಗೋಜಲು ಬಿಡಿಸು ಎಂದು ಎರಡೂ ಅರ್ಥ ಕೊಟ್ಟಿದ್ದಾರೆ, ‘ಅನ್‌ರ್‍ಯಾವೆಲ್’ಗೂ ಬಿಡಿಸು ಎಂದೇ ಇದೆ. ಇದಕ್ಕೆ ಏನು ಹೇಳುತ್ತೀರಿ?

ಸಪ್ತಾಪುರದ ಇಂಗ್ಲಿಷ್ ಶಿಕ್ಷಕಿ (ಧಾರವಾಡ)

ಅಣ್ಣಾವರೆ, ನೀವು ಸರಿಯಾದ ಗಂಟಿಗೇ ಕೈ ಹಾಕಿದ್ದೀರಿ. ಇಂಗ್ಲಿಷಿನಲ್ಲಿ ‘ಅನ್’ ಒಂದಲ್ಲ, ಎರಡು. ವಿಶೇಷಣಗಳ ಹಿಂದೆ ಬರುವ ‘ಅನ್’ ಗುರುಗಳು ಹೇಳಿದ ಸಂಸ್ಕೃತದ ‘ಅನ್’ಗೆ ಸಂಬಂಧಿ. ಕ್ರಿಯಾಪದಗಳ ಹಿಂದೆ ಬರುವುದು ಮೂಲದಲ್ಲಿ ಬೇರೆಯೇ ಒಂದು ಪ್ರತ್ಯಯ, ಜರ್ಮನ್ ಭಾಷೆಯ ‘ಎಂಟ್’ ಎಂಬುದರ ಬಳಗದ್ದು. ಕಾಲಕ್ರಮದಲ್ಲಿ ಎರಡರ ಉಚ್ಚಾರವೂ ಒಂದೇ ಆಗಿಹೋಯಿತು. ‘ಅನ್‌ಕೈಂಡ್’ ಎಂಬಲ್ಲಿ ದಯೆ ಇಲ್ಲ. ‘ಅನ್‌ಟೈ’ ಎಂಬಲ್ಲಿ ಮೊದಲು ಗಂಟು ಇರಲೇಬೇಕು, ಇದ್ದರೆ ತಾನೇ ಬಿಚ್ಚುವುದು! ‘ರ್‍ಯಾವೆಲ್’ ಪದಕ್ಕೇ ಬಿಡಿಸು ಎಂಬ ಅರ್ಥವಿರುವುದರಿಂದ ‘ಅನ್‌ರ್‍ಯಾವೆಲ್’ ಎಂಬಲ್ಲಿ ‘ಅನ್’ ಬಿಡಿಸುವ ಕ್ರಿಯೆಗೆ ಒತ್ತು ಕೊಡುತ್ತದೆಯೇ ಹೊರತು ಅದನ್ನು ಅಲ್ಲಗಳೆಯುವುದಿಲ್ಲ.

ಈ ಎರಡು ‘ಅನ್’ಗಳು ಕೂಡಿಕೊಂಡು ಒಂದೇ ಪದಕ್ಕೆ ಎರಡು ಅರ್ಥ ಕೊಡುವುದೂ ಉಂಟು. ‘ಅನ್‌ಲಾಕೆಬಲ್’ ಪೆಟ್ಟಿಗೆ ಎಂದರೆ ಕೀಲಿ ಹಾಕಲು ಬಾರದ ಪೆಟ್ಟಿಗೆಯೂ ಆಗಬಹುದು, ಕೀಲಿ ತೆಗೆಯಲು ಬರುವ ಪೆಟ್ಟಿಗೆಯೂ ಆಗಬಹುದು. ‘ಅನ್‌ಲಾಕ್ಡ್’ ಬಾಗಿಲು ಕೀಲಿ ಹಾಕದೆಯೇ ಬಿಟ್ಟದ್ದೋ ಕೀಲಿ ತೆಗೆದದ್ದೋ ಎಂದು ಪದವೊಂದರಿಂದಲೇ ತಿಳಿಯುವುದಿಲ್ಲ. ಕನ್ನಡದಲ್ಲಿ ‘ಕೀಲಿ ಹಾಕದ ಬಾಗಿಲು’, ‘ಕೀಲಿ ತೆಗೆದ ಬಾಗಿಲು’ ಎಂದಾಗ ಈ ಸಂದೇಹವೇ ಹುಟ್ಟುವುದಿಲ್ಲ. ನಾವು ಕ್ರಿಯೆಯನ್ನು ತಿರುವಲು ಬೇರೆ ಧಾತುವನ್ನೇ ತರುತ್ತೇವೆ: ಕಟ್ಟು, ಬಿಚ್ಚು, ಮುಚ್ಚು, ತೆರೆ, ಮಡಚು, ಬಿಡಿಸು. ನಿಷೇಧವನ್ನು ಧಾತುವಿನ ಹಿಂದೆ ಹಚ್ಚುವುದು ಅಚ್ಚಗನ್ನಡದ ಪದ್ಧತಿಯೇ ಅಲ್ಲ. ಅದು ಕೊನೆಯಲ್ಲಿ ಬರುತ್ತದೆ: ಕಟ್ಟದ, ಬಾರದ, ತಿಳಿಯದ. ನಮ್ಮ ಮನೆಮಾತಿನ ‘ಒಲ್ಲೆ’ ಎಂಬ ಪದದಲ್ಲಿ ಹಳಗನ್ನಡದ ಆ ನಿಷೇಧ ರೂಪ ಇಂದಿಗೂ ಬದುಕಿದೆ. ಆದ್ದರಿಂದ ಕನ್ನಡ ಮಾತಾಡುವ ಮಕ್ಕಳಿಗೆ ಪದದ ಆರಂಭದಲ್ಲಿಯೇ ನಿಷೇಧವನ್ನು ಹುಡುಕುವ ಅಭ್ಯಾಸ ಸಹಜವಾಗಿ ಇರುವುದಿಲ್ಲ. ಕಲಿತ ಮೇಲೆ ಎಲ್ಲ ಪದದಲ್ಲೂ ಅದನ್ನೇ ಕಾಣತೊಡಗುತ್ತಾರೆ.

ವಕೀಲರು (ಹಾವೇರಿ)

ಮೇಡಂ, ನಮ್ಮ ಭಾಗದ ಕಂದಾಯ ದಫ್ತರದ ಕನ್ನಡದಲ್ಲಿ ಪದದ ಆರಂಭದಲ್ಲಿ ಬರುವ ನಿಷೇಧಗಳೂ ಇವೆ, ಅವು ಅರಬ್ಬಿ ಪಾರಸಿಗಳಿಂದ ಬಂದವು. ‘ಗೈರುಹಾಜರು’, ‘ಬೇವಾರಸು’, ‘ನಾಮಂಜೂರು’ ಇವೆಲ್ಲ ನಮಗೆ ನಿತ್ಯದ ಪದಗಳು. ಇವುಗಳಲ್ಲಿಯೂ ಗುರುಗಳು ಹೇಳಿದ ಭೇದಗಳು ಕಾಣುತ್ತವೆ. ಅರಬ್ಬಿಯ ‘ಗೈರ್’ ಎಂದರೆ ಮೂಲದಲ್ಲಿ ‘ಬೇರೆ’, ಅನ್ಯತ್ವವೇ ಅದರ ತಿರುಳು. ಪಾರಸಿಯ ‘ಬೇ’ ಎಂದರೆ ‘ಇಲ್ಲದೆ’, ಅದು ಅಭಾವ. ‘ನಾ’ ಎಂದರೆ ನೇರವಾಗಿ ‘ಅಲ್ಲ’. ಠಾಣೆಯ ಆವರಣದಲ್ಲಿ ನಿಂತ ‘ಬೇವಾರಸು ವಾಹನ’ ಎಂದರೆ ವಾರಸುದಾರರಿಲ್ಲದ ವಾಹನ. ಅದೇ ಪದ ಬಾಯಿಮಾತಿನಲ್ಲಿ ಬೈಗುಳವಾಗಿದೆ. ಅಭಾವ ಅಪ್ರಾಶಸ್ತ್ಯಕ್ಕೆ ಜಾರಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಪರೀಕ್ಷಾರ್ಥಿ (ರಾಣೆಬೆನ್ನೂರು)

ಇನ್ನೆರಡು ಸಂಶಯಗಳು. ‘ಅನೀಕ್ವಲ್’ ಎಂದು ವಿಶೇಷಣವಿರುವಾಗ ನಾಮಪದ ಮಾತ್ರ ‘ಇನೀಕ್ವಾಲಿಟಿ’ ಏಕೆ? ಮತ್ತು ‘ಅನ್‌ಹ್ಯಾಪಿ’ ಇದ್ದರೆ ‘ಅನ್‌ಸ್ಯಾಡ್’ ಏಕಿಲ್ಲ?

ಪತ್ರಿಕಾ ಅನುವಾದಕರು (ಹುಬ್ಬಳ್ಳಿ)

ಮೊದಲನೆಯದಕ್ಕೆ ಉತ್ತರ ಸರಳ. ‘ಇನೀಕ್ವಾಲಿಟಿ’, ‘ಇನ್‌ಜಸ್ಟಿಸ್’, ‘ಇನ್‌ಸ್ಟೆಬಿಲಿಟಿ’, ‘ಇನ್‌ಗ್ರಾಟಿಟ್ಯೂಡ್’ ಮೊದಲಾದ ನಾಮಪದಗಳು ಲ್ಯಾಟಿನ್, ಫ್ರೆಂಚ್‌ಗಳಿಂದ ಬರುವಾಗಲೇ ‘ಇನ್’ ಸಮೇತ ಬಂದವು. ‘ಅನೀಕ್ವಲ್’, ‘ಅನ್‌ಜಸ್ಟ್’, ‘ಅನ್‌ಸ್ಟೇಬಲ್’, ‘ಅನ್‌ಗ್ರೇಟ್‌ಫುಲ್’ ಎಂಬ ವಿಶೇಷಣಗಳಿಗೆ ಇಂಗ್ಲಿಷರು ತಮ್ಮ ಮನೆಯ ‘ಅನ್’ ಹಚ್ಚಿಕೊಂಡರು. ಜೋಡಿಯಾಗಿಯೇ ನೆನಪಿಡಬೇಕು.

ಎರಡನೆಯದು ಹೆಚ್ಚು ಸ್ವಾರಸ್ಯದ್ದು. ‘ಅನ್’ ಸಾಮಾನ್ಯವಾಗಿ ಒಳ್ಳೆಯ ಗುಣವನ್ನು ಹೇಳುವ ಸರಳ ವಿಶೇಷಣಗಳಿಗೆ ಹತ್ತುತ್ತದೆ, ಕೆಟ್ಟದ್ದಕ್ಕೆ ಹತ್ತಲು ಹಿಂಜರಿಯುತ್ತದೆ. ‘ಅನ್‌ಕೈಂಡ್’ ಉಂಟು, ‘ಅನ್‌ಕ್ರೂಯಲ್’ ಇಲ್ಲ. ‘ಅನ್‌ವೆಲ್’ ಉಂಟು, ‘ಅನ್‌ಸಿಕ್’ ಇಲ್ಲ. ‘ಅನ್‌ಟ್ರೂ’ ಉಂಟು, ‘ಅನ್‌ಫಾಲ್ಸ್’ ಇಲ್ಲ. ನಮ್ಮಲ್ಲೂ ‘ಅಶುಭ’, ‘ಅಸತ್ಯ’, ‘ಅನ್ಯಾಯ’ ಎಂಬವು ಬಾಯಿಗೆ ಬರುವಷ್ಟು ಸುಲಭವಾಗಿ ‘ದುಃಖ’ಕ್ಕೆ ‘ಅ’ ಹಚ್ಚಿದ ಪದ ಬರುವುದಿಲ್ಲ. ‘ಅನ್‌ಹ್ಯಾಪಿ’ ಎಂಬುದು ಸಂತೋಷವಿಲ್ಲದಿರುವಿಕೆಯಷ್ಟೇ ಅಲ್ಲ, ದುಃಖವೇ. ಆದ್ದರಿಂದಲೇ ‘ನಾಟ್ ಅನ್‌ಹ್ಯಾಪಿ’ ಎಂದಾಗ ಎರಡು ನಿಷೇಧ ಸೇರಿ ‘ಹ್ಯಾಪಿ’ ಆಗುವುದಿಲ್ಲ. ದುಃಖವಂತೂ ಇಲ್ಲ, ಸಂತೋಷ ಎನ್ನುವಷ್ಟೂ ಇಲ್ಲ ಎಂಬ ನಡುವಿನ ಸ್ಥಿತಿ ಅದು. ‘ಬೇಸರವೇನಿಲ್ಲ’ ಎಂದು ನಾವು ಹೇಳುವಾಗಲೂ ಹೀಗೆಯೇ. ಗಣಿತದಲ್ಲಿ ಋಣದ ಋಣ ಧನವಾಗುತ್ತದೆ, ಭಾಷೆಯಲ್ಲಿ ಹಾಗಾಗಬೇಕೆಂದಿಲ್ಲ.

ನಿವೃತ್ತ ಸಂಸ್ಕೃತ ಅಧ್ಯಾಪಕರು (ಗದಗ)

ವೈದ್ಯೆಯವರು ಕೊಟ್ಟ ‘ಅನೀಮಿಯಾ’ ಉದಾಹರಣೆ ಮನಸ್ಸಿಗೆ ಬಹಳ ಹಿಡಿಸಿತು. ಇನ್ನೊಂದು ವಿಷಯವನ್ನು ಸೇರಿಸುತ್ತೇನೆ: ನಿಷೇಧವುಳ್ಳ ಪದ ಉಳಿದು, ಅದರ ತಾಯಿಪದ ಮರೆಯಾದ ಸಂದರ್ಭಗಳು. ‘ಅನ್‌ಕೌತ್’ ಎಂದರೆ ಈಗ ಒರಟು, ಅಸಭ್ಯ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ತಿಳಿಯದ’, ‘ಅಪರಿಚಿತ’. ‘ಅನ್‌ಕೆಂಪ್ಟ್’ ಎಂದರೆ ಬಾಚದ ಎಂಬುದು ಮೂಲಾರ್ಥ. ‘ಇನ್‌ಫಂಟ್’ ಎಂದರೆ ಮಾತು ಬಾರದವನು, ‘ಇನೊಸೆಂಟ್’ ಎಂದರೆ ಹಾನಿ ಮಾಡದವನು, ‘ಎನಿಮಿ’ ಎಂದರೆ ಲ್ಯಾಟಿನ್ನಿನಲ್ಲಿ ‘ಮಿತ್ರನಲ್ಲದವನು’. ಈ ಪದಗಳಲ್ಲಿ ನಿಷೇಧ ಅಡಗಿದೆಯೆಂದು ಇಂಗ್ಲಿಷ್ ಮಾತಾಡುವವರಿಗೂ ಈಗ ನೆನಪಿಲ್ಲ. ಗಣಿತದ ‘ಇಂಟಿಜರ್’ ಕೂಡ ಲ್ಯಾಟಿನ್ನಿನಲ್ಲಿ ‘ಮುಟ್ಟದ’, ‘ಮುರಿಯದ’ ಎಂಬ ಅರ್ಥದ ಪದ. ಪೂರ್ಣಾಂಕಕ್ಕೆ ತಕ್ಕ ಹೆಸರು.

ಇದಕ್ಕೆ ವಿರುದ್ಧವಾದ ದಾರಿಯೂ ಉಂಟು. ನಿಷೇಧವೇ ಇಲ್ಲದ ಕಡೆ ನಿಷೇಧವನ್ನು ಕಂಡು, ಇರದಿದ್ದ ಧನಪದವೊಂದನ್ನು ಜನ ಸೃಷ್ಟಿಸುತ್ತಾರೆ. ವೇದಗಳಲ್ಲಿ ‘ಅಸುರ’ ಎಂಬುದು ಮೊದಲು ಪ್ರಭು, ಬಲಶಾಲಿ ಎಂಬ ಅರ್ಥದ ಪದವಾಗಿ ವರುಣಾದಿ ದೇವತೆಗಳಿಗೂ ಸಲ್ಲುತ್ತಿತ್ತು, ಅಲ್ಲಿನ ‘ಅ’ ನಿಷೇಧದ್ದಲ್ಲ. ಮುಂದೆ ಅದನ್ನು ‘ಅ ಮತ್ತು ಸುರ’ ಎಂದು ಒಡೆದು, ದೇವತೆಗಳಿಗೆ ‘ಸುರ’ ಎಂಬ ಹೆಸರನ್ನು ಹುಟ್ಟಿಸಿದರು. ‘ವಿಧವಾ’ ಎಂಬ ಬಹು ಪ್ರಾಚೀನ ಪದವನ್ನು ‘ವಿ ಮತ್ತು ಧವ’ ಎಂದು ಬಿಡಿಸಿ, ಗಂಡ ಎಂಬ ಅರ್ಥದಲ್ಲಿ ‘ಧವ’ ಎಂಬ ಪದವನ್ನು ಪಡೆದದ್ದೂ ಹೀಗೆಯೇ. ಇಂಗ್ಲಿಷರು ‘ಇನ್‌ಫ್ಲೇಮೆಬಲ್’ ಪದದಲ್ಲಿ ಇಲ್ಲದ ನಿಷೇಧವನ್ನು ಕಂಡದ್ದೂ ಇದೇ ಜಾತಿಯ ಪ್ರವೃತ್ತಿ.

ಸಪ್ತಾಪುರದ ಇಂಗ್ಲಿಷ್ ಶಿಕ್ಷಕಿ (ಧಾರವಾಡ)

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮುಂದಿನ ವಾರದಿಂದ ತರಗತಿಯಲ್ಲಿ ಹಳೆಯ ಪಟ್ಟಿಯನ್ನು ಬದಿಗಿಟ್ಟು, ಪ್ರತಿ ಪದಕ್ಕೂ ಮೂರು ಪ್ರಶ್ನೆ ಕೇಳಿಸಬೇಕೆಂದಿದ್ದೇನೆ. ಈ ತುಣುಕು ನಿಜವಾಗಿಯೂ ನಿಷೇಧದ್ದೇ, ಅಥವಾ ‘ಇನ್‌ಹ್ಯಾಬಿಟ್’ನಲ್ಲಿರುವಂತೆ ‘ಒಳಗೆ’ ಎಂಬ ಅರ್ಥದ್ದೇ? ನಿಷೇಧವಾದರೆ ತಾಯಿಪದದ ಯಾವ ಅರ್ಥಕ್ಕೆ ಹತ್ತಿದೆ? ಇಲ್ಲದ್ದು, ಬೇರೆಯದು, ಕಡಿಮೆಯದು, ಕೆಟ್ಟದ್ದು, ವಿರುದ್ಧವಾದದ್ದು, ಬಿಚ್ಚಿದ್ದು ಇವುಗಳಲ್ಲಿ ಯಾವುದನ್ನು ಹೇಳುತ್ತಿದೆ? ನಞ್ ಶ್ಲೋಕವನ್ನೂ ಹಲಗೆಯ ಮೇಲೆ ಬರೆಯುತ್ತೇನೆ. ಇಂಗ್ಲಿಷ್ ತರಗತಿಯಲ್ಲಿ ಅದಕ್ಕೆ ಜಾಗವಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ‘ಅನ್‌ಸೈಂಟಿಫಿಕ್’ ಮತ್ತು ‘ನಾನ್‌ಸೈಂಟಿಫಿಕ್’ಗಳ ಭೇದವನ್ನು ಅದಿಲ್ಲದೆ ಅಷ್ಟೇ ಚೊಕ್ಕಟವಾಗಿ ಹೇಳಿ ತೋರಿಸಲಿ.

ರಾಣೆಬೆನ್ನೂರಿನ ತಮ್ಮನಿಗೆ ಅಭ್ಯಾಸಕ್ಕಾಗಿ ಒಂದು ಜೋಡಿ: ‘ಇಲ್ಲೆಜಿಬಲ್’ ಮತ್ತು ‘ಅನ್‌ರೀಡೆಬಲ್’. ಎರಡಕ್ಕೂ ‘ಓದಲಾಗದ’ ಎಂದೇ ನಿಘಂಟಿನಲ್ಲಿ ಸಿಗುತ್ತದೆ. ವೈದ್ಯರ ಚೀಟಿಗೆ ಯಾವುದು, ನೀರಸವಾಗಿ ಬರೆದ ಪುಸ್ತಕಕ್ಕೆ ಯಾವುದು ಎಂಬುದನ್ನು ವಾಕ್ಯ ಮಾಡಿ ಇಲ್ಲಿಯೇ ಬರೆಯಪ್ಪ, ನೋಡುತ್ತೇನೆ.

ಪರೀಕ್ಷಾರ್ಥಿ (ರಾಣೆಬೆನ್ನೂರು)

ಅಕ್ಷರವೇ ಗುರುತು ಸಿಗದ ಚೀಟಿ ‘ಇಲ್ಲೆಜಿಬಲ್’. ಅಕ್ಷರ ಸ್ಪಷ್ಟವಾಗಿದ್ದರೂ ಓದಿಸಿಕೊಂಡು ಹೋಗದ ಪುಸ್ತಕ ‘ಅನ್‌ರೀಡೆಬಲ್’. ಮೊದಲನೆಯದರಲ್ಲಿ ಕಣ್ಣಿಗೆ ಆಗದು, ಎರಡನೆಯದರಲ್ಲಿ ಮನಸ್ಸು ಒಲ್ಲದು ಎಂದು ತಿಳಿದುಕೊಂಡಿದ್ದೇನೆ, ಮೇಡಂ.